ಅಡ್ಡ ನಡೆಯುವ ಹುಳ

ನನ್ನ ಅತ್ತೆಯನ್ನು ನಾನು ಸಾಯಿಸಲು ಹೊರಟದ್ದು ಒಳ್ಳೆಯ ಮನಸ್ಸಿನಿಂದ. ಎಮೇಯಿ ಬೆಟ್ಟದ ಚಹಾ ಕೀಳುವ ಹೆಂಗಸರು ಈಗ ಇದನ್ನು ತಮಾಷೆಯ ಕತೆ ಮಾಡಿಕೊಂಡಿದ್ದಾರೆ. ಬುಟ್ಟಿ ತುಂಬುವ ಹೊತ್ತಿಗೆ ಯಾರಾದರೂ ತೆಗೆದೇ ತೆಗೆಯುತ್ತಾರೆ, ಎಲ್ಲರೂ ನಗುತ್ತಾರೆ. ನಗಲಿ, ನನಗೇನು. ಅವತ್ತು ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಹೇಗೆ ಹೊತ್ತು ಕಳೆದೆನೆಂದು ಅವರ್‍ಯಾರಿಗೂ ಗೊತ್ತಿಲ್ಲ.

ನಾನು ಈ ಬೆಟ್ಟದವಳಲ್ಲ. ಯುನ್‌ಲಿನ್ ಬಯಲಿನ ಗದ್ದೆಯ ಊರಿನವಳು. ನಾಲ್ಕನೆಯದೂ ಹೆಣ್ಣಾದಾಗ ಅಪ್ಪ ನಿಟ್ಟುಸಿರು ಬಿಟ್ಟು ಬೊಂಗ್-ಇಯೋ ಎಂದು ಹೆಸರಿಟ್ಟ. ಹುಟ್ಟಿಬಿಟ್ಟಿದೆಯಲ್ಲ, ಹೇಗೋ ಸಾಕೋಣ ಎಂದು ಅದರರ್ಥ. ಇಪ್ಪತ್ತಕ್ಕೆ ಬೆಟ್ಟದ ಹಕ್ಕಾ ಜನರ ಮನೆಗೆ ಕೊಟ್ಟರು. ಗಂಡ ತಿಯಮ್-ಸುಯಿ ಮದುವೆಯಾದ ಎರಡೇ ತಿಂಗಳಿಗೆ ಸೈನ್ಯದ ಚೀಟಿ ಬಂದು ಕಿನ್‌ಮೆನ್ ದ್ವೀಪಕ್ಕೆ ಹೋದ. ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ ಕುಯ್-ಮೊಯ್. ಬೆಟ್ಟದ ವಾಡಿಕೆಯಂತೆ ಅವಳನ್ನು ನಾನು ಅಮೇ ಎಂದು ಕರೆಯುತ್ತಿದ್ದೆ. ಅತ್ತೆಗೆ ನನ್ನ ಭುಜದಷ್ಟು ಎತ್ತರ, ಎರಡಾಳಿನ ನಾಲಿಗೆ. ಬೆಟ್ಟದ ಜನ ನಮ್ಮ ಬಯಲಿನವರನ್ನು ಹೋಲೋ ಎನ್ನುತ್ತಾರೆ. ಅತ್ತೆ ಆ ಶಬ್ದವನ್ನು, ಅನ್ನದಲ್ಲಿ ಸಿಕ್ಕ ಕಲ್ಲನ್ನು ಉಗಿದ ಹಾಗೆ ಅನ್ನುತ್ತಿದ್ದಳು.

ನಮ್ಮ ಬಯಲಿನಲ್ಲಿ ಹಸಿರು ಜಿಗಿಹುಳ ಎಂದರೆ ದೊಡ್ಡವರ ಮುಖ ಇಳಿದುಹೋಗುತ್ತಿತ್ತು. ನೋಡಿದರೆ ಅಕ್ಕಿಕಾಳಿನಷ್ಟೂ ಇಲ್ಲ, ಊದಿದರೆ ಹಾರಿಹೋಗುವ ಪ್ರಾಣಿ. ಆದರೆ ಸೂಜಿಯಂಥ ಬಾಯಿ ಚುಚ್ಚಿ ಪೈರಿನ ರಸ ಹೀರುವಾಗ ತನ್ನ ಜೊಲ್ಲನ್ನು ಒಳಗೆ ಬಿಡುತ್ತದೆ, ಆ ಜೊಲ್ಲಿನಲ್ಲಿ ರೋಗ. ಪೈರು ಗಿಡ್ಡವಾಗಿ ನಿಂತುಬಿಡುತ್ತದೆ, ತೆನೆ ಬರುವುದಿಲ್ಲ. ಒಂದು ವರ್ಷ ಕೃಷಿ ಇಲಾಖೆಯವನು ಬಂದು, ಈ ರೋಗ ತಾಯಿಹುಳದಿಂದ ಮೊಟ್ಟೆಗೇ ಇಳಿಯುತ್ತದೆ, ಮರಿ ಹುಟ್ಟುವಾಗಲೇ ರೋಗ ಹೊತ್ತುಕೊಂಡು ಹುಟ್ಟುತ್ತದೆ ಎಂದು ಹೇಳಿಹೋದ. ಅವತ್ತು ನನ್ನ ಅಮ್ಮ ಊಟ ಮಾಡಲಿಲ್ಲ. ಹನ್ನೊಂದು ವರ್ಷಕ್ಕೇ ನಾನು ಬೆನ್ನಿಗೆ ಔಷಧದ ಪಂಪು ಕಟ್ಟಿಕೊಂಡೆ. ಗಾಳಿ ಬರುವ ಕಡೆಗೆ ಬೆನ್ನು ಮಾಡಬೇಕು, ಬಾಯಿಗೆ ಬಟ್ಟೆ ಕಟ್ಟಬೇಕು, ಕೈ ತೊಳೆಯದೆ ಏನನ್ನೂ ಮುಟ್ಟಬಾರದು, ಎಲ್ಲ ಗೊತ್ತಿತ್ತು. ಯಾಕೆ ಗೊತ್ತಿತ್ತೆಂದರೆ, ನಮ್ಮ ಬೀದಿಯ ಕೊನೆಮನೆ ಚಿಕ್ಕಪ್ಪ ಔಷಧ ಹೊಡೆದು ಬದುವಿನ ಮೇಲೆ ಕೂತು ಅದೇ ಕೈಯಲ್ಲಿ ಗೆಣಸು ತಿಂದಿದ್ದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯ ಮಾಂಸವೆಲ್ಲ ಅದುರುತ್ತಿತ್ತು. ಕಣ್ಣಿನ ಪಾಪೆ ಎಳ್ಳುಕಾಳಿನಷ್ಟಾಗಿತ್ತು. ಆ ಕಣ್ಣು ನನ್ನನ್ನೇ ನೋಡುತ್ತಿರುವಾಗ ಅವನು ಸತ್ತ.

ಬೆಟ್ಟಕ್ಕೆ ಬಂದ ಮೊದಲ ಬೇಸಿಗೆ. ಇಲ್ಲಿ ಬೇಸಿಗೆ ಶುರುವಾಗುವ ಜೂನ್ ತಿಂಗಳಲ್ಲಿ ಅತ್ತೆ ತನ್ನ ಅಕ್ಕನ ಮನೆಯ ತಿಥಿಗೆಂದು ಎರಡು ದಿನ ಹೊರಟಳು. ಹೊರಡುವಾಗ ಹೊಸಿಲ ಮೇಲೆ ನಿಂತು, "ತೋಟದ ಮೇಲೆ ಒಂದು ಕಣ್ಣಿಡೇ. ನಾಳಿದ್ದು ಕೀಳೋದಕ್ಕೆ ಶುರು ಮಾಡೋಣ" ಎಂದಳು. ಅಷ್ಟೇ. ಹೆಚ್ಚಿಗೆ ಏನನ್ನೂ ಹೇಳಲಿಲ್ಲ. ಅನ್ನಕ್ಕೆ ನೀರಿಡಬೇಕು ಎಂದು ಸೊಸೆಗೆ ಯಾರಾದರೂ ಹೇಳಿಕೊಡುತ್ತಾರೆಯೇ? ಆ ಬೆಟ್ಟದಲ್ಲಿ ಹುಟ್ಟಿದವರಿಗೆ ಅದು ಅಷ್ಟೇ ಸಹಜವಾದ ಸಂಗತಿ.

ನಾನು ಕಣ್ಣಿಡಲು ಹೋದೆ. ಇಟ್ಟ ಕಣ್ಣು ಅಲ್ಲೇ ನಿಂತುಬಿಟ್ಟಿತು. ಎಳೆ ಕುಡಿಗಳೆಲ್ಲ ಹಳದಿಗೆ ತಿರುಗಿ ಅಂಚು ಕೆಂಪಾಗಿ ಮುದುರಿಕೊಂಡಿದ್ದವು. ಒಂದು ಎಲೆಯನ್ನು ಮಗುಚಿದೆ. ಅಲ್ಲಿದ್ದವು. ಬಯಲಿನವಕ್ಕಿಂತ ಚಿಕ್ಕವು, ಅದೇ ಜಾತಿ. ರೆಕ್ಕೆ ಬಾರದ ಮರಿಗಳು ಏಡಿಯ ಹಾಗೆ ಅಡ್ಡಡ್ಡ ನಡೆದು ಎಲೆಯ ಆಚೆ ಬದಿಗೆ ಸರಿದುಕೊಂಡವು. ನಾನು ಎಲೆ ತಿರುಗಿಸಿದರೆ ಅವು ಮತ್ತೆ ಈಚೆಗೆ. ನನ್ನ ಕಣ್ಣು ಎಲ್ಲಿದೆಯೆಂದು ಅವಕ್ಕೆ ಗೊತ್ತಿದ್ದ ಹಾಗಿತ್ತು. ಬಿಟ್ಟುಹೋದ ಪೊರೆಗಳು ಎಲೆಯಡಿ ಬೆಳ್ಳಗೆ ಅಂಟಿಕೊಂಡಿದ್ದವು, ಆರು ಕಾಲೂ ಹಾಗೇ. ಕೆಳಗಿನ ತೋಟ, ಮೇಲಿನ ತೋಟ, ಎರಡರಲ್ಲೂ ಇದೇ ಪಾಡು. ನನ್ನ ಮೇಲೆ ಬಿಟ್ಟುಹೋದ ಎರಡೇ ದಿನದಲ್ಲಿ ತೋಟ ಹಾಳಾದರೆ ಅತ್ತೆ ನನ್ನನ್ನು ಉಳಿಸುತ್ತಾಳೆಯೇ?

ಬೆಟ್ಟದ ಬುಡದಲ್ಲಿ ಮನೆಗೆಂದು ಒಂದು ತುಂಡು ಗದ್ದೆ ಇತ್ತು. ಅದಕ್ಕೆ ತಂದ ಔಷಧ ಕೊಟ್ಟಿಗೆಯ ಅಟ್ಟದ ಮೇಲಿತ್ತು. ತಲೆಬುರುಡೆಯ ಚಿತ್ರದ ಬಾಟಲಿ, ಬೆಳ್ಳುಳ್ಳಿಯಂಥ ವಾಸನೆ. ನನಗೆ ಚೆನ್ನಾಗಿ ಪರಿಚಯದ ಬಾಟಲಿ. ಹುಳ ಜಾಸ್ತಿ ಇದೆಯೆಂದು ಅಳತೆಯ ಎರಡರಷ್ಟು ಬೆರೆಸಿದೆ. ಮಾರನೆಯ ಸಂಜೆ ಮೇಲಿನ ತೋಟದಿಂದ ಶುರುಮಾಡಿದೆ. ಅದು ಮುಗಿಯುವಷ್ಟರಲ್ಲಿ ಬಾಟಲಿ ಬರಿದಾಯಿತು. ಕೆಳಗಿನದು ಉಳಿಯಿತಲ್ಲ ಎಂದು ಬೇಜಾರಾಯಿತು. ಆದರೂ ಅರ್ಧ ತೋಟವನ್ನಾದರೂ ಉಳಿಸಿದೆನಲ್ಲ. ಅತ್ತೆ ಬಂದು ನೋಡಿ, ಹೋಲೋ ಹುಡುಗಿ ಪರವಾಗಿಲ್ಲವೇ ಎನ್ನುತ್ತಾಳೆಂದು ನೆನೆಸಿಕೊಂಡು ನಾನು ನಗುನಗುತ್ತಾ ಮೈತೊಳೆದುಕೊಂಡೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಅತ್ತೆ ಮನೆಗೂ ಬರದೆ ನೇರ ತೋಟಕ್ಕೇ ಬಂದಳು. ಜೊತೆಗೆ ಪಕ್ಕದ ಮನೆಯ ಯುನ್-ಸೋ. ಅವರ ತೋಟಕ್ಕೆ ನಾವು, ನಮ್ಮ ತೋಟಕ್ಕೆ ಅವಳು, ಹೀಗೆ ಕೈಬದಲು ಕೆಲಸ. ನಾನು ಬುಟ್ಟಿ ಹೊತ್ತು ಕಾಯುತ್ತಿದ್ದೆ. ಔಷಧದ ಸುದ್ದಿ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅತ್ತೆ ಕೆಳಗಿನ ತೋಟದ ಮೊದಲ ಸಾಲಿನಲ್ಲಿ ಒಂದು ಎಲೆ ಮಗುಚಿ ಚೀರಿದಳು.

"ಬಂದಿವೆ ಕಣೇ! ಯುನ್-ಸೋ, ನೋಡು ಬಾ, ಎಷ್ಟು ಬಂದಿವೆ! ಅಡ್ಡಡ್ಡ ಹೆಂಗೆ ಓಡ್ತವೆ ನೋಡು ನನ್ನ ಬಂಗಾರದವು!"

ಆ ಚೀರಾಟದಲ್ಲಿ ಗೋಳಿರಲಿಲ್ಲ.

ಅತ್ತೆ ಆ ಮುದುರಿದ ಹಳದಿ ಕುಡಿಯನ್ನೇ ಚಿವುಟಿ ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿ ಅಗಿದಳು. "ಜೇನು. ಈ ವರ್ಷ ಅಪ್ಪಟ ಜೇನು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಯಾಕೇ ಹೆಣದ ಥರ ನಿಂತಿದೀಯ? ನಿಮ್ಮ ಬಯಲಲ್ಲಿ ಇದು ಗೊತ್ತಿಲ್ವಾ? ಈ ಹುಳ ಕಚ್ಚಿದ್ರೇನೇ ಚಹಾ. ಕಚ್ಚದೇ ಇದ್ರೆ ಅದು ಬರೀ ಹುಲ್ಲು. ಇದಕ್ಕೋಸ್ಕರ ವರ್ಷವೆಲ್ಲ ಕಾಯ್ತೀವಿ ನಾವು" ಎಂದಳು.

ನನಗೆ ಹೇಗೆ ಗೊತ್ತಿರಬೇಕು? ಮನೆಯಲ್ಲಿ ನಾವು ಕುಡಿಯುತ್ತಿದ್ದುದು ಒರಟು ಎಲೆಯ ಕಷಾಯ. ಒಳ್ಳೆಯ ಚಹಾ ಅಷ್ಟೂ ಪೇಟೆಗೆ ಹೋಗುತ್ತಿತ್ತು. ಅದರ ಒಂದು ಹನಿಯನ್ನೂ ನಾನು ನೋಡಿರಲಿಲ್ಲ.

ಯುನ್-ಸೋ ಎಲೆ ಕೀಳುತ್ತಾ ನಕ್ಕಳು. "ಹೇಳಿಕೊಡಕ್ಕ ಇವಳಿಗೆ. ಆಚೆ ಕಣಿವೇಲಿ ಒಬ್ಬಳು ಔಷಧ ಹೊಡೆದ ಕತೆ ಹೇಳು."

"ಅವಳೇನು ಮಾಡಿದ್ಲೋ ಪಾಪ. ಹುಳ ಮೂರು ವರ್ಷ ಆ ಕಡೆ ತಿರುಗಿ ನೋಡ್ಲಿಲ್ಲ. ಅವಳ ಅತ್ತೆ ಗಂಟುಮೂಟೆ ಕಟ್ಟಿ ತವರಿಗೆ ಅಟ್ಟಿದ್ಲು" ಎಂದಳು ಅತ್ತೆ, ಇನ್ನೊಂದು ಕುಡಿ ಅಗಿಯುತ್ತಾ.

ಅಲ್ಲಿಗೆ ನನ್ನ ಬಾಯಿಗೆ ಬೀಗ ಬಿತ್ತು. ತವರಿನಲ್ಲಿ ನನಗೇನಿತ್ತು? ಹೇಗೋ ಸಾಕೋಣ ಎಂದು ಒಮ್ಮೆ ಸಾಕಿದ್ದರು, ಇನ್ನೊಮ್ಮೆ ಸಾಕುವವರು ಯಾರು? ಒಂದು ಭಯ ಇದು. ಇನ್ನೊಂದು, ಇದಕ್ಕಿಂತ ದೊಡ್ಡದು, ಅತ್ತೆಯ ಹಲ್ಲಿನ ನಡುವೆ ಇತ್ತು. ಪ್ರತಿ ಸಾಲಿನ ಮೊದಲ ಗಿಡದಲ್ಲಿ ಆಕೆ ಒಂದು ಕುಡಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಯಾವ ಸಾಲನ್ನು ಎಷ್ಟು ಕಚ್ಚಿವೆ, ಯಾವುದನ್ನು ಇವತ್ತು ಕೀಳಬೇಕು, ಯಾವುದು ಇನ್ನೊಂದು ದಿನ ಕಾಯಬೇಕು, ಎಲ್ಲವನ್ನೂ ನಾಲಿಗೆಯೇ ಹೇಳಬೇಕು. ಇಲ್ಲಿಯವರೆಲ್ಲ ಹಾಗೇ. ಕೆಳಗಿನ ತೋಟ ಮುಗಿದರೆ ಮೇಲಿನ ತೋಟ. ಅಲ್ಲಿಯೂ ಅದೇ ನಾಲಿಗೆ.

ಮೇಲಿನದಕ್ಕೆ ನಾಳೆ ಹೋಗುತ್ತಾಳೆ, ಇವತ್ತು ಸಂಜೆ ಕಾಲು ಹಿಡಿದು ಹೇಳಿಬಿಡುತ್ತೇನೆ ಎಂದುಕೊಂಡೆ. ಹೀಗೆ ನನ್ನನ್ನು ನಾನೇ ನಂಬಿಸಿಕೊಂಡು ಎಲೆ ಕೀಳುತ್ತಿದ್ದೆ. ಕುಡಿಯ ಜೊತೆ ಕಡ್ಡಿಯೂ ಬರುತ್ತಿತ್ತು. "ಏ, ಸೌದೆ ಕಡೀತಿದೀಯಾ?" ಎಂದು ಯುನ್-ಸೋ ಛೇಡಿಸಿದಳು. ಅತ್ತೆ ಮಾತ್ರ ಆಗಾಗ ತಲೆಯೆತ್ತಿ ಮೇಲಕ್ಕೆ ನೋಡುತ್ತಿದ್ದಳು. "ಮೇಲಿನದು ಇದಕ್ಕಿಂತ ಚೆನ್ನಾಗಿರಬೇಕು. ಅಲ್ಲಿ ಮಂಜು ಜಾಸ್ತಿ."

"ಅಮೇ, ಅಲ್ಲಿ ಹಾವಿದೆ. ನಿನ್ನೆ ನೋಡ್ದೆ. ಇಷ್ಟುದ್ದದ್ದು" ಎಂದೆ.

"ಇರ್ಲಿ ಬಿಡು. ಈ ಬೆಟ್ಟದಲ್ಲಿ ಅದೂ ನನ್ನಷ್ಟೇ ವರ್ಷದಿಂದ ಇದೆ."

"ಅಲ್ಲಿನ ಎಲೆ ಇನ್ನೂ ಆಗಿಲ್ಲ, ಅಮೇ."

ಅತ್ತೆ ಕೈ ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು. "ಮುಂಜಾನೆವರೆಗೂ ಹುಳ ಯಾವ್ದು ಎಲೆ ಯಾವ್ದು ಗೊತ್ತಿರದವಳು, ಈಗ ನನಗೆ ಹೇಳಿಕೊಡ್ತೀಯಾ? ಹೋಗು, ಊಟ ತಗೊಂಡು ಬಾ."

ಆಗ ಹೇಳಬೇಕಿತ್ತು. ಒಂದೇ ಮಾತು. ನಾನು ಹೇಳಲಿಲ್ಲ, ಊಟ ತರಲು ಹೋದೆ.

ಗೆಣಸಿನ ಅನ್ನ, ಒಣಮೂಲಂಗಿ ಹಾಕಿದ ಮೊಟ್ಟೆ ಕಟ್ಟಿಕೊಂಡೆ. ಅಡುಗೆಮನೆಯ ಬೆಳ್ಳುಳ್ಳಿಯ ವಾಸನೆ ಆ ಬಾಟಲಿಯನ್ನೇ ನೆನಪಿಸಿತು. ಊಟಕ್ಕೆ ಕೂತಾಗಲೇ ಹೇಳುತ್ತೇನೆಂದು ದೇವರಮನೆಯ ಮುಂದೆ ನಿಂತು ಅಲ್ಲಿ ಪೂಜೆಗಿಟ್ಟ ಗಂಡನ ಮನೆಯ ಸತ್ತ ಹಿರಿಯರಿಗೆಲ್ಲ ಮಾತು ಕೊಟ್ಟೆ. ಓಡೋಡಿ ವಾಪಸ್ಸು ಬಂದರೆ ಕೆಳಗಿನ ತೋಟದಲ್ಲಿ ಯುನ್-ಸೋ ಒಬ್ಬಳೇ ಇದ್ದಳು.

"ಅಮೇ ಎಲ್ಲಿ?"

"ಮೇಲೆ ಹೋದ್ಲು ಆಗಲೇ. ತಡ್ಕೊಳ್ಳಕ್ಕಾಗ್ಲಿಲ್ಲ ಅವಳಿಗೆ" ಎಂದು ಯುನ್-ಸೋ ಗಲ್ಲ ಎತ್ತಿ ತೋರಿಸಿದಳು.

ಮೇಲಿನ ತೋಟದ ನಟ್ಟನಡುವೆ ಅತ್ತೆಯ ಬಿದಿರಿನ ಟೋಪಿ ಕಾಣುತ್ತಿತ್ತು. ಊಟದ ಗಂಟು ಎಲ್ಲಿ ಬಿತ್ತೋ ತಿಳಿಯದು. ನಾನು ಸಾಲುಗಳನ್ನು ಸೀಳಿಕೊಂಡು ಗಿಡ ತುಳಿಯುತ್ತಾ ಓಡಿದೆ. ಕೂಗಲು ಬಾಯಿ ತೆರೆದರೂ ದನಿ ಹೊರಡಲಿಲ್ಲ, ಉಸಿರಷ್ಟೇ ಬಂತು.

ಅತ್ತೆ ಒಂದರ ಹಿಂದೆ ಒಂದು ಎಲೆ ಮಗುಚಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಗಲಿಬಿಲಿ. "ವಿಚಿತ್ರ ನೋಡೇ. ಎಲೆ ಕಚ್ಚಿಸಿಕೊಂಡಿದೆ, ಹುಳ ಒಂದೂ ಇಲ್ಲ. ಎಲ್ಲಿ ಹೋದ್ವು? ಅದಕ್ಕೇ ಗಿಡಗಿಡಕ್ಕೂ ಒಂದೊಂದು ತಿಂದು ನೋಡ್ತಿದೀನಿ. ಅಲ್ಲ, ಇಲ್ಲ್ಯಾರು ಬೆಳ್ಳುಳ್ಳಿ ತಿಂದಿದ್ದು?" ಎನ್ನುತ್ತಾ ಇನ್ನೊಂದು ಕುಡಿಯನ್ನು ಬಾಯಿಗಿಟ್ಟಳು.

ಗಿಡಗಿಡಕ್ಕೂ. ಹುಳ ಇದ್ದಿದ್ದರೆ ಸಾಲಿಗೊಂದು ತಿನ್ನುತ್ತಿದ್ದಳು. ನಾನು ಹುಳ ಕೊಂದಿದ್ದಕ್ಕೆ ಗಿಡಕ್ಕೊಂದು ತಿಂದಿದ್ದಳು.

ನಾನು ಅತ್ತೆಯ ದವಡೆ ಹಿಡಿದು ಬಾಯಿಗೆ ಬೆರಳು ಹಾಕಿ ಎಲೆ ಕಿತ್ತೆ. ಅವಳು ನನ್ನ ಕೆನ್ನೆಗೆ ಫಟಾರನೆ ಬಾರಿಸಿದಳು. ಆ ಏಟಿಗೇ ನನ್ನ ದನಿ ಹೊರಬಿತ್ತು. "ಉಗೀರಿ! ಅಮೇ, ಉಗೀರಿ! ವಿಷ ಇದೆ! ನಾನೇ ಹೊಡೆದೆ, ಗದ್ದೆ ಔಷಧ, ನಿನ್ನೆ ಸಂಜೆ, ನಾನೇ!"

ಅತ್ತೆ ಉಗಿದಳು. ಬಾಯಿ ಒರೆಸಿಕೊಂಡು ನನ್ನನ್ನು ನೋಡಿದಳು, ಆಮೇಲೆ ತೋಟವನ್ನು ನೋಡಿದಳು. "ಎಲ್ಲಾನೂ?" ಎಂದಳು.

"ಮೇಲಿನದು ಎಲ್ಲಾ."

"ಯಾಕೇ?"

"ತೋಟ ಉಳಿಸೋಣ ಅಂತ."

ಅವಳನ್ನು ಪಕ್ಕದ ತೊರೆಯ ಹತ್ತಿರ ಎಳೆದುಕೊಂಡು ಹೋಗಿ ಬಾಯಿ ಮುಕ್ಕಳಿಸುವಂತೆ ಮಾಡಿದೆ, ಕೈಗಳನ್ನು ಮೊಣಕೈವರೆಗೆ ಮರಳು ಹಾಕಿ ಉಜ್ಜಿದೆ. "ಏನೂ ಆಗಿಲ್ಲ ಬಿಡೇ, ಚರ್ಮ ಕೀಳ್ತೀಯಾ" ಎಂದು ಗದರುತ್ತಿದ್ದಳು. ನಾನು ಅವಳ ಗಲ್ಲ ಹಿಡಿದು ಕಣ್ಣಿನೊಳಗೆ ನೋಡಿದೆ. ಮದುವೆಯಾಗಿ ಅಷ್ಟು ದಿನವಾದರೂ ಅತ್ತೆಯ ಕಣ್ಣನ್ನು ನಾನು ನೇರ ನೋಡಿರಲಿಲ್ಲ. ಪಾಪೆ ಮೆಣಸಿನಕಾಳಿನಷ್ಟಿತ್ತು. ನೆರಳಿನಲ್ಲಿ ಕೂರಿಸಿದ್ದೆ, ನೆರಳಿನಲ್ಲಿ ಅದು ಅಗಲವಾಗಬೇಕಿತ್ತು. ನಾನು ನೋಡುತ್ತಿದ್ದಂತೆಯೇ ಅದು ಸಾಸಿವೆಯಷ್ಟಾಯಿತು.

"ಮಂಜು ಇಳೀತಿದೆಯೇನೇ? ಯಾಕೋ ಮಬ್ಬು" ಎಂದಳು ಅತ್ತೆ. ಬಿಸಿಲು ಸುಡುತ್ತಿತ್ತು.

ಅವಳನ್ನು ಬೆನ್ನಿಗೆ ಹಾಕಿಕೊಂಡೆ. ಬೆಟ್ಟದ ಬುಡದ ಪೇಟೆಬೀದಿಯಲ್ಲಿದ್ದ ಡಾಕ್ಟರರ ಬಳಿಗೆ ಇಳಿಜಾರಿನಲ್ಲಿ ಅರ್ಧ ಗಂಟೆಯ ದಾರಿ. ಯುನ್-ಸೋ ಮುಂದೆ ಓಡಿ ಸುದ್ದಿ ಮುಟ್ಟಿಸಲು ಹೋದಳು. ಮೊದಲು ಅತ್ತೆ ಬೈಯುತ್ತಿದ್ದಳು. ಬೈಯುವವರೆಗೂ ನನಗೆ ಧೈರ್ಯವಿತ್ತು. ಬಿದಿರು ಮೆಳೆ ದಾಟುವಾಗ ಬೈಗುಳ ನಿಂತಿತು. ನನ್ನ ಭುಜ ಒದ್ದೆಯಾಗತೊಡಗಿತು, ಅವಳ ಬಾಯಿಂದ ಜೊಲ್ಲು ಎಳೆಯೆಳೆಯಾಗಿ ಇಳಿಯುತ್ತಿತ್ತು. ಅವಳ ತೊಡೆಯ ಮಾಂಸ ನನ್ನ ಕೈಯೊಳಗೆ ಹುಳ ಹರಿದ ಹಾಗೆ ಪಟಪಟ ಅದುರುತ್ತಿತ್ತು. ಕೊನೆಮನೆ ಚಿಕ್ಕಪ್ಪ ನನ್ನ ಬೆನ್ನ ಮೇಲೇ ಕೂತಿದ್ದಾನೆ ಎನಿಸಿತು. "ಬೈಯಿರಿ ಅಮೇ, ಬೈಯಿರಿ, ಹೋಲೋ ಅನ್ನಿ" ಎಂದು ಅಳುತ್ತಾ ಓಡಿದೆ. ಅಷ್ಟೊಂದು ಹೆದರಿಕೆಯನ್ನು ನಾನು ಆಮೇಲೆ ಎಂದೂ ಕಂಡಿಲ್ಲ, ಹೆರಿಗೆಯಲ್ಲೂ ಇಲ್ಲ, ಗಂಡ ಸತ್ತಾಗಲೂ ಇಲ್ಲ.

ಡಾಕ್ಟರು ಸೂಜಿ ಚುಚ್ಚಿದರು. ಕಣ್ಣು ಬಿಡಿಸಿ ದೀಪ ಹಿಡಿದು ನೋಡಿದರು, ಮತ್ತೆ ಚುಚ್ಚಿದರು. ಪಾಪೆ ಅಗಲವಾಗುವವರೆಗೂ ಬಿಡುವ ಹಾಗಿಲ್ಲ ಎಂದರು. ನಾನು ಮಂಚದ ಪಕ್ಕ ನಿಂತು ಆ ಸಾಸಿವೆಕಾಳನ್ನೇ ನೋಡುತ್ತಿದ್ದೆ. ಹೊತ್ತು ಇಳಿಯುವಾಗ ಅದು ಮೆಣಸಿನಷ್ಟಾಯಿತು. ಮತ್ತೂ ತುಸು ಹೊತ್ತಿಗೆ ಕಡಲೆಕಾಳಿನಷ್ಟು ಅಗಲವಾಯಿತು. ಅತ್ತೆ ತುಟಿ ನೆಕ್ಕಿಕೊಂಡಳು.

"ಮೇಲಿನ ತೋಟದ್ದು ಕಿತ್ತ ಎಲೆ ಬುಟ್ಟಿಯಲ್ಲಿದೆ. ಹೂತುಹಾಕು ಅಂತ ಯುನ್-ಸೋಗೆ ಹೇಳು" ಎಂದಳು. ಆಮೇಲೆ ನನ್ನ ಕಡೆ ಹೊರಳಿ, "ಜೊತೆಗೆ ನಿನ್ನನ್ನೂ ಹೂಳಬೇಕಿತ್ತು" ಎಂದಳು.

ಊರಿನವರು ಗಂಟುಮೂಟೆಯ ಮಾತು ತೆಗೆಯದೆ ಇರಲಿಲ್ಲ. ಅತ್ತೆ ಒಂದೇ ಮಾತಿಗೆ ಅವರ ಬಾಯಿ ಮುಚ್ಚಿಸಿದಳು: "ಇವಳನ್ನ ಕಳಿಸಿದ್ರೆ ಇನ್ನೊಬ್ಬಳು ಬರ್ತಾಳೆ. ಅವಳಿಗೂ ಮೊದಲಿಂದ ಕಲಿಸಬೇಕು. ಇನ್ನೊಂದ್ಸಲ ಸಾಯೋಕೆ ನನಗೆ ಪುರುಸೊತ್ತಿಲ್ಲ."

ಮೇಲಿನ ತೋಟಕ್ಕೆ ಹುಳ ಎರಡು ಬೇಸಿಗೆ ಬರಲಿಲ್ಲ. ನಾನು ದಿನಾ ಹೋಗಿ ಎಲೆ ಮಗುಚಿ ನೋಡುತ್ತಿದ್ದೆ. ಎಲೆಗಳು ಹಸಿರಾಗಿ, ಸಪಾಟಾಗಿ, ಆರೋಗ್ಯವಾಗಿ ಇದ್ದವು, ಅದನ್ನು ನೋಡಿದರೆ ಅಳು ಬರುತ್ತಿತ್ತು. ಬಹಳ ವರ್ಷಗಳ ಮೇಲೆ ಚಹಾ ಸಂಶೋಧನೆಯವನೊಬ್ಬ ನಮ್ಮಲ್ಲಿಗೆ ಬಂದಿದ್ದ. ಈ ಗಿಡಕ್ಕೂ ಈ ಹುಳಕ್ಕೂ ಮನುಷ್ಯ ಚಹಾ ಕುಡಿಯಲು ಕಲಿಯುವ ಎಷ್ಟೋ ಮೊದಲಿನಿಂದ ಜಗಳವಂತೆ. ಹುಳ ಎಳೆಕಾಂಡದೊಳಗೆ ಮೊಟ್ಟೆ ಹುದುಗಿಸಿಡುತ್ತದೆ, ನಮ್ಮ ಕಿವಿಗೆ ಕೇಳದ ಹಾಗೆ ಕಾಂಡವನ್ನು ಅದುರಿಸಿ ಜೊತೆಗಾರರನ್ನು ಕರೆಯುತ್ತದೆ. ಗಿಡವೂ ಸುಮ್ಮನಿರುವುದಿಲ್ಲ. ಕಚ್ಚಿಸಿಕೊಂಡ ಎಲೆ ಒಂದು ವಾಸನೆ ಬಿಡುತ್ತದೆ, ಅದು ಹುಳವನ್ನು ತಿನ್ನುವ ಜೇಡಗಳನ್ನು ಕರೆಯುವ ಕೂಗು. ನಮ್ಮ ಚಹಾದ ಜೇನಿನ ಪರಿಮಳ ಎನ್ನುವುದು ಆ ಕೂಗೇ ಎಂದ. ನಾನು ಎದ್ದು ಒಳಗೆ ಹೋದೆ. ಸೂಜಿಮೊನೆಯಷ್ಟು ಗಾಯಕ್ಕೆ ಎಲೆ ಕೂಗಿಕೊಳ್ಳುತ್ತದೆ. ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಯಿ ಬಿಡಲಿಲ್ಲ.

ಮೂರನೆಯ ಬೇಸಿಗೆ ಮೇಲಿನ ತೋಟದಲ್ಲಿ ಒಂದು ಎಲೆಯ ಕೆಳಗೆ ಏನೋ ಅಡ್ಡ ಸರಿಯಿತು. ನಾನು ಮನೆಗೆ ಓಡಿ ಅತ್ತೆಯನ್ನು ಕರೆತಂದೆ. ಅವಳು ಹುಳವನ್ನು ನೋಡಿದಳು. ಆ ಗಿಡದ ಒಂದು ಕುಡಿ ಚಿವುಟಿ ನನ್ನ ಮುಂದೆ ಹಿಡಿದಳು.

"ಮೊದ್ಲು ನೀನು."

ತಮಾಷೆಯಾಗಿರಲಿಲ್ಲ. ನಾನು ತಿಂದೆ. ಅವಳು ನನ್ನ ಗಲ್ಲ ಹಿಡಿದು ಕಣ್ಣಿನೊಳಗೆ ನೋಡುತ್ತಾ ನಿಂತಳು, ಒಂದು ಬುಟ್ಟಿ ಎಲೆ ಕೀಳುವಷ್ಟು ಹೊತ್ತು. ಆಮೇಲೆ ತಾನು ತಿಂದಳು. ಅಲ್ಲಿಂದ ಪ್ರತಿ ಬೇಸಿಗೆಯ ಮೊದಲ ದಿನ ಅದೇ. ಮಕ್ಕಳಾದ ಮೇಲೂ, ಮೊಮ್ಮಕ್ಕಳಾದ ಮೇಲೂ. ಮೂವತ್ತೊಂದು ವರ್ಷ ಮೊದಲ ಕುಡಿ ನಾನು ತಿಂದೆ. ಮೂವತ್ತೊಂದು ವರ್ಷ ಅವಳು ನನ್ನ ಪಾಪೆ ನೋಡಿದಳು. ಪ್ರತಿ ಸಲವೂ ಆ ಬೆರಳು ನನ್ನ ಗಲ್ಲ ಮುಟ್ಟಿದಾಗ ಬಿದಿರು ಮೆಳೆಯ ದಾರಿಯಲ್ಲಿ ಆದ ಅದೇ ಹೆದರಿಕೆ ಆಗುತ್ತಿತ್ತು. ಇದು ಶಿಕ್ಷೆಯೋ ಭಯವೋ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕೊನೆಯ ಬೇಸಿಗೆ ಅತ್ತೆಗೆ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಹೊತ್ತುಕೊಂಡೇ ಮೇಲಿನ ತೋಟಕ್ಕೆ ಕರೆದೊಯ್ದೆ, ಅದೇ ಬೆನ್ನು. ಬದುವಿನ ಮೇಲೆ ಕೂರಿಸಿ ಎಲೆ ಮಗುಚಿದೆ. "ಇದಾವೇನೇ?" ಎಂದಳು. "ಇದಾವೆ ಅಮೇ. ಅಡ್ಡಡ್ಡ ಓಡ್ತಿದಾವೆ" ಎಂದೆ. ಕುಡಿ ಚಿವುಟಿದೆ. ಅದನ್ನು ನನ್ನ ಬಾಯಿಗೆ ಒಯ್ಯುವಷ್ಟರಲ್ಲಿ ಅವಳು ಮಗುವಿನ ಹಾಗೆ ಬಾಯಿ ತೆರೆದು ಕಾಯುತ್ತಿದ್ದಳು. ನನ್ನ ಕೈ ತಾನಾಗಿಯೇ ಅತ್ತ ಹೋಯಿತು. ಅವಳ ನಾಲಿಗೆಯ ಮೇಲೆ ಇಟ್ಟ ಮೇಲೆ ನೆನಪಾಗಿ ನನ್ನ ಜೀವವೇ ಹಾರಿಹೋಯಿತು.

"ಅಮೇ, ತಾಳಿ! ನಾನಿನ್ನೂ ತಿಂದಿಲ್ಲ!"

"ಗೊತ್ತು" ಎಂದಳು ಅತ್ತೆ, ಅಗಿಯುತ್ತಾ.